ಇಂಗಾಲಕ್ಕೊಂದು ನೆಲೆ

(ಕಲಬುರಗಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಈ ಸಭಾಂಗಣದ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಈ ಭಾಗದ ಮನೆ, ಮಠ, ಶಾಲೆ, ಕಚೇರಿ ಎಲ್ಲೆಲ್ಲೂ ಅದೇ ಇರುವುದರಿಂದ ಯಾರೂ ಅದನ್ನು ನಿಂತು ನೋಡುವುದಿಲ್ಲ. ಭೀಮಾ ಸೀಮೆಯ ಈ ಸುಣ್ಣಕಲ್ಲು ಒಂದು ಕಾಲಕ್ಕೆ ಕಡಲ ತಳವಾಗಿತ್ತು. ನೀರಿನಲ್ಲಿ ಕರಗಿದ್ದ ಇಂಗಾಲದ ಡೈಆಕ್ಸೈಡ್ ಕ್ಯಾಲ್ಸಿಯಂ ಜೊತೆ ಕೂಡಿ, ಪದರ ಪದರವಾಗಿ ತಳಕ್ಕಿಳಿದು, ಕಲ್ಲಾಗಿ, ಕೋಟ್ಯಂತರ ವರ್ಷ ಕದಲದೆ ಕೂತಿದೆ. ಶುದ್ಧ ಸುಣ್ಣಕಲ್ಲಿನ ಒಂದು ಟನ್ನಿನಲ್ಲಿ 440 ಕಿಲೋ ಇಂಗಾಲದ ಡೈಆಕ್ಸೈಡ್ ಇರುತ್ತದೆ. ವಾಡಿ, ಸೇಡಂ, ಮಳಖೇಡ, ಚಿತ್ತಾಪುರದ ಸುತ್ತಲಿನ ಸಿಮೆಂಟ್ ಕಾರ್ಖಾನೆಗಳಲ್ಲಿ ಈ ಕಲ್ಲು 900 ಡಿಗ್ರಿಯ ಆಸುಪಾಸಿಗೆ ಕಾದಾಗ ಅದಷ್ಟೂ ಬಿಡಿಸಿಕೊಂಡು ಚಿಮಣಿ ಹತ್ತುತ್ತದೆ. ಗೂಡಿಗೆ ಹಾಕಿದ ಕಲ್ಲಿದ್ದಲಿನ ಹೊಗೆ ಬೇರೆ.

ಸುಣ್ಣಕಲ್ಲನ್ನು ಸುಟ್ಟರೆ ತೂಕ ಯಾಕೆ ಇಳಿಯುತ್ತದೆ ಎಂದು ತಕ್ಕಡಿ ಹಿಡಿದು ಕೇಳಿದವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. 1750ರ ದಶಕದ ಮಾತು. ಕಲ್ಲಿನೊಳಗೆ ಒಂದು ಅನಿಲ ಕಟ್ಟಿಬಿದ್ದಿದೆ, ಅದನ್ನು ಬಿಡಿಸಬಹುದು, ಸುಣ್ಣದ ತಿಳಿನೀರಿಗೆ ಹಾಯಿಸಿ ಮತ್ತೆ ಸುಣ್ಣಕಲ್ಲಾಗಿಸಲೂಬಹುದು ಎಂದು ಅವರು ತೂಕದ ಲೆಕ್ಕದಿಂದ ತೋರಿಸಿಕೊಟ್ಟರು. ನಾವು ಎಂಜಿನಿಯರುಗಳು ಇಂದು ದೊಡ್ಡ ದೊಡ್ಡ ಗೋಪುರ ಕಟ್ಟಿ ಮಾಡಲು ಹೆಣಗುತ್ತಿರುವುದು ಆ ಎರಡನೇ ಕೆಲಸವನ್ನೇ.

ಯೋಜನಾ ವರದಿಗಳಲ್ಲಿ ಇಂಗಾಲದ ಬಳಕೆ, ಇಂಗಾಲದ ಸಂಗ್ರಹ ಎರಡನ್ನೂ ಒಂದೇ ಉಸಿರಿಗೆ ಹೇಳುವುದು ರೂಢಿ. ಅವು ಒಂದೇ ಜಾತಿಯ ಕೆಲಸಗಳೆಂದು ನನಗನ್ನಿಸಿಲ್ಲ. ಯಾವ ವಿಧಾನ ಮುಂದೆ ಬಂದರೂ ನಾನು ಮೊದಲು ಕೇಳುವ ಪ್ರಶ್ನೆ, ಹಿಡಿದ ಇಂಗಾಲ ಅಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು. ಅದರ ಬೆನ್ನಿಗೇ, ಹಿಡಿಯಲು ಮತ್ತು ಮಾರ್ಪಡಿಸಲು ತಗುಲಿದ ಶಕ್ತಿ ಎಲ್ಲಿಯದು ಎಂಬುದು. ಇವತ್ತಿನ ನನ್ನ ಮಾತೆಲ್ಲ ಈ ಎರಡು ಪ್ರಶ್ನೆಗಳ ಬೆನ್ನು ಹಿಡಿದೇ ಸಾಗುತ್ತದೆ.

ನನ್ನ ವೃತ್ತಿ ಶುರುವಾದದ್ದು ಗೊಬ್ಬರದ ಕಾರ್ಖಾನೆಯಲ್ಲಿ. ಇಂಗಾಲದ ಡೈಆಕ್ಸೈಡನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬಳಸಿಕೊಳ್ಳುವ ರಾಸಾಯನಿಕ ಉದ್ಯಮ ಅದೇ. ಯೂರಿಯಾ ಘಟಕದ ಕಂಪ್ರೆಸರ್ ಈ ಅನಿಲವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಸುಮಾರು 150 ಪಟ್ಟು ಹಿಂಡಿ ರಿಯಾಕ್ಟರಿಗೆ ತಳ್ಳುತ್ತದೆ. ಅಲ್ಲಿ ಅಮೋನಿಯಾ ಜೊತೆ ಕೂಡಿ ಮೊದಲು ಅಮೋನಿಯಂ ಕಾರ್ಬಮೇಟ್ ಆಗುತ್ತದೆ. ಅದು ನೀರು ಬಿಟ್ಟುಕೊಟ್ಟು ಯೂರಿಯಾ ಆಗುತ್ತದೆ. 1870ರಲ್ಲಿ ರಷ್ಯಾದ ಬಸಾರೊವ್ ಮುಚ್ಚಿದ ಕೊಳವೆಯಲ್ಲಿ ಕಂಡ ಈ ಕ್ರಿಯೆ ಕಾರ್ಖಾನೆಯ ಮಟ್ಟಕ್ಕೆ ಬರಲು 1920ರ ದಶಕದವರೆಗೆ ಕಾಯಬೇಕಾಯಿತು. ತಡವಾಗಲು ದೊಡ್ಡ ಕಾರಣ ಲೋಹ. ಬಿಸಿ ಕಾರ್ಬಮೇಟ್ ದ್ರಾವಣ ಸ್ಟೇನ್‌ಲೆಸ್ ಸ್ಟೀಲನ್ನೂ ತಿಂದುಹಾಕುತ್ತದೆ. ಅದಕ್ಕೇ ಇಂಗಾಲದ ಡೈಆಕ್ಸೈಡಿನ ಜೊತೆ ಚೂರು ಗಾಳಿಯನ್ನೂ ಸೇರಿಸಿ ಕಳಿಸುತ್ತೇವೆ. ಆ ಗಾಳಿಯ ಆಮ್ಲಜನಕ ಉಕ್ಕಿನ ಒಳಮೈ ಮೇಲೆ ತೆಳುವಾದ ಆಕ್ಸೈಡಿನ ಪೊರೆ ಕಟ್ಟುತ್ತದೆ. ರಾತ್ರಿ ಪಾಳಿಯಲ್ಲಿ ನಾವು ಉತ್ಪಾದನೆಯ ಅಂಕಿಗಿಂತ ಮೊದಲು ನೋಡುತ್ತಿದ್ದದ್ದು ಆ ಗಾಳಿಯ ಹರಿವಿನ ಅಂಕಿ. ಗಾಳಿ ನಿಂತು ಪೊರೆ ಹೋದರೆ, ಪ್ರಯೋಗಾಲಯದವರು ಯೂರಿಯಾದಲ್ಲಿ ನಿಕ್ಕಲ್ ಕಾಣುತ್ತಿದೆ ಎಂದು ಫೋನ್ ಮಾಡುತ್ತಾರೆ. ಉಕ್ಕು ಕರಗಿ ಗೊಬ್ಬರಕ್ಕೆ ಸೇರುತ್ತಿದೆ ಎಂದು ಅದರರ್ಥ. ಇಂಗಾಲದ ಡೈಆಕ್ಸೈಡನ್ನು ಪಳಗಿಸುವುದೆಂದರೆ ಬಹುಮಟ್ಟಿಗೆ ಅದನ್ನು ಹಿಡಿದಿಟ್ಟ ಲೋಹವನ್ನು ಕಾಯುವುದು. ಬಾವಿಗಳ ಮಾತು ಬಂದಾಗ ಈ ವಿಚಾರ ಮತ್ತೆ ಬೇಕಾಗುತ್ತದೆ.

ಒಂದು ಟನ್ ಯೂರಿಯಾಕ್ಕೆ ಸುಮಾರು 730 ಕಿಲೋ ಇಂಗಾಲದ ಡೈಆಕ್ಸೈಡ್ ಬೇಕು. ಜಗತ್ತಿನ ಯೂರಿಯಾ ಉದ್ಯಮವೆಲ್ಲ ಸೇರಿ ವರ್ಷಕ್ಕೆ ಸುಮಾರು 13 ಕೋಟಿ ಟನ್ ಬಳಸುತ್ತದೆ. ನಮ್ಮ ದೇಶದಲ್ಲಿ ತಯಾರಾಗುವ ಯೂರಿಯಾ ವರ್ಷಕ್ಕೆ ಸುಮಾರು 300 ಲಕ್ಷ ಟನ್. ಅದರಲ್ಲಿ ಸೇರುವ ಇಂಗಾಲದ ಡೈಆಕ್ಸೈಡ್ ಎರಡು ಕೋಟಿ ಟನ್ನಿಗೂ ಮೇಲೆ. ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ತಿಳಿದಿಲ್ಲ. ನೈಸರ್ಗಿಕ ಅನಿಲದಿಂದ ಅಮೋನಿಯಾ ಮಾಡುವಾಗ ಹುಟ್ಟುವ ಇಂಗಾಲದ ಡೈಆಕ್ಸೈಡ್ ಅಷ್ಟೂ ಅಮೋನಿಯಾವನ್ನು ಯೂರಿಯಾ ಮಾಡಲು ತುಸು ಕಡಿಮೆ ಬೀಳುತ್ತದೆ. ಆ ಕೊರತೆ ತುಂಬಲು ಉತ್ತರ ಪ್ರದೇಶದ ಆಂವಲಾ ಮತ್ತು ಫೂಲ್‌ಪುರದ ಇಫ್ಕೊ ಕಾರ್ಖಾನೆಗಳು 2006ರಲ್ಲೇ ತಮ್ಮ ಚಿಮಣಿಯ ಹೊಗೆಯಿಂದ ದಿನಕ್ಕೆ ತಲಾ 450 ಟನ್ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕ ಹಾಕಿಸಿದವು. ಹವಾಮಾನದ ಕಾಳಜಿಗೆ ಹಾಕಿದ್ದಲ್ಲ, ಕಚ್ಚಾ ವಸ್ತು ಸಾಲದೆ ಹಾಕಿದ್ದು. ಆದರೂ ಹೊಗೆ ಹಿಡಿಯುವ ಕೈಕೆಲಸ ಈ ದೇಶಕ್ಕೆ ಹೊಸದಲ್ಲ ಎನ್ನುವುದು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿರಬೇಕು.

ಈಗ ಮೊದಲ ಪ್ರಶ್ನೆ ಕೇಳೋಣ. ಯೂರಿಯಾದಲ್ಲಿ ಇಂಗಾಲ ಎಷ್ಟು ಕಾಲ ಉಳಿಯುತ್ತದೆ? ಗೋದಾಮಿನಲ್ಲಿ ಕೆಲವು ತಿಂಗಳು. ಹೊಲಕ್ಕೆ ಬಿದ್ದ ಮೇಲೆ ಮಣ್ಣಿನ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆಯುತ್ತದೆ. ಮಣ್ಣು ಹದವಾಗಿ ಒದ್ದೆಯಿದ್ದರೆ ಒಂದು ವಾರ, ಹೆಚ್ಚೆಂದರೆ ಎರಡು. ಸಾರಜನಕ ಬೆಳೆಗೆ, ಇಂಗಾಲದ ಡೈಆಕ್ಸೈಡ್ ಗಾಳಿಗೆ. ಯೂರಿಯಾ ಮಾಡುವುದು ಅನ್ನದ ಪ್ರಶ್ನೆ, ಅದನ್ನು ಮಾಡಲೇಬೇಕು. ಆದರೆ ವಾತಾವರಣದ ಖಾತೆಯಲ್ಲಿ ಅದನ್ನು ಜಮೆ ಎಂದು ಬರೆಯುವುದು ತಪ್ಪು ಲೆಕ್ಕ.

ಇಂಧನದ ಮಾತಿಗೆ ಬರುತ್ತೇನೆ. ಇಂಗಾಲದ ಡೈಆಕ್ಸೈಡಿನಿಂದ ಪೆಟ್ರೋಲು, ಇಂಗಾಲದ ಡೈಆಕ್ಸೈಡಿನಿಂದ ಮೆಥನಾಲ್ ಎಂಬ ಸುದ್ದಿ ವರ್ಷಕ್ಕೆ ನಾಲ್ಕಾರು ಸಲ ಬರುತ್ತದೆ. ಓದುವವರಿಗೆ ಹೊಗೆಯೇ ಇಂಧನವಾಯಿತಲ್ಲ ಎನ್ನಿಸುವುದು ಸಹಜ. ಉಷ್ಣಗತಿಶಾಸ್ತ್ರ ಇಲ್ಲಿ ಕಟ್ಟುನಿಟ್ಟು. ಇಂಗಾಲ ಸುಟ್ಟು ಇಂಗಾಲದ ಡೈಆಕ್ಸೈಡ್ ಆಗುವಾಗ ಮೋಲ್ ಒಂದಕ್ಕೆ 394 ಕಿಲೋಜೂಲ್ ಹೊರಗೆ ಬಂದುಬಿಟ್ಟಿರುತ್ತದೆ. ಒಲೆಯಲ್ಲಿ ಉರಿದು ಉಳಿದ ಬೂದಿಯ ಹಾಗೆ ಅದು. ಅದರ ಮೇಲೆ ಇನ್ನೊಂದು ಅಡುಗೆಯಾಗುವುದಿಲ್ಲ. ಮತ್ತೆ ಇಂಧನ ಮಾಡಬೇಕೆಂದರೆ ಶಕ್ತಿಯನ್ನು ಹೊರಗಿನಿಂದ ತಂದು ಹಾಕಬೇಕು, ಮತ್ತು ಆ ಶಕ್ತಿ ಬಹುತೇಕ ಹೈಡ್ರೋಜನ್ನಿನ ರೂಪದಲ್ಲಿ ಬರಬೇಕು.

ಒಂದು ಟನ್ ಮೆಥನಾಲ್‌ಗೆ 1.375 ಟನ್ ಇಂಗಾಲದ ಡೈಆಕ್ಸೈಡ್, ಸುಮಾರು 190 ಕಿಲೋ ಹೈಡ್ರೋಜನ್ ಬೇಕು. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ಪಡೆಯಲು 50ರಿಂದ 55 ಯೂನಿಟ್ ಹೋಗುತ್ತದೆ. ಅಂದರೆ ಒಂದು ಟನ್ ಮೆಥನಾಲ್‌ಗೆ ಹೆಚ್ಚುಕಡಿಮೆ 10,000 ಯೂನಿಟ್. ಆ ಮೆಥನಾಲ್ ಉರಿಸಿದರೆ ಮರಳಿ ಸಿಗುವ ಶಾಖ 5,500 ಯೂನಿಟ್ಟಿಗೆ ಸಮ. ಎಂಜಿನ್ನಿನಲ್ಲಿ ಹಾಕಿದರೆ ಅದರಲ್ಲೂ ಅರ್ಧಕ್ಕಿಂತ ಕಡಿಮೆ ಚಕ್ರಕ್ಕೆ ತಲುಪುತ್ತದೆ. ಇದಕ್ಕಿಂತ ಮುಖ್ಯವಾದ ಹೋಲಿಕೆ ಬೇರೆಯೇ ಇದೆ. ಅದೇ 10,000 ಯೂನಿಟ್ ಸೌರ ವಿದ್ಯುತ್ತನ್ನು ನೇರವಾಗಿ ಜಾಲಕ್ಕೆ ಬಿಟ್ಟು ಅಷ್ಟು ಕಲ್ಲಿದ್ದಲು ವಿದ್ಯುತ್ತನ್ನು ನಿಲ್ಲಿಸಿದರೆ ಒಂಬತ್ತು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹುಟ್ಟದೆಯೇ ಉಳಿಯುತ್ತದೆ. ಒಂದು ಕಡೆ ಒಂಬತ್ತು ಟನ್ ತಪ್ಪಿಸುವುದು, ಇನ್ನೊಂದು ಕಡೆ ಒಂದು ಕಾಲು ಟನ್ ಚಿಲ್ಲರೆ ಹಿಡಿದು ಟ್ಯಾಂಕರಿಗೆ ತುಂಬಿ ಮತ್ತೆ ಸುಡುವುದು. ಕಲ್ಲಿದ್ದಲು ವಿದ್ಯುತ್ತು ಜಾಲದಲ್ಲಿ ಇರುವವರೆಗೆ ಈ ಲೆಕ್ಕ ಬದಲಾಗುವುದಿಲ್ಲ.

ಹಾಗೆಂದು ಮೆಥನಾಲ್ ಸಂಶೋಧನೆ ಬೇಡ ಎನ್ನುವವನು ನಾನಲ್ಲ. ಔಷಧಿ, ಅಂಟು, ಬಣ್ಣ, ಪ್ಲಾಸ್ಟಿಕ್ಕು ಇವಕ್ಕೆಲ್ಲ ಇಂಗಾಲದ ಪರಮಾಣುಗಳೇ ಬೇಕು; ಸೌರಫಲಕ ವಿದ್ಯುತ್ತು ಕೊಟ್ಟೀತು, ಇಂಗಾಲ ಕೊಡಲಾರದು. ಕಲ್ಲಿದ್ದಲು, ತೈಲ ಬಿಟ್ಟ ಮೇಲೆ ರಾಸಾಯನಿಕ ಉದ್ಯಮದ ಇಂಗಾಲ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಇಂದಿನಿಂದಲೇ ತಯಾರಾಗಬೇಕು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸೆಬಾಸ್ಟಿಯನ್ ಪೀಟರ್ ಅವರ ತಂಡ ಇದೇ ಮೆಥನಾಲ್ ವೇಗವರ್ಧಕಗಳ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಅವರ ‘ಬ್ರೀದ್’ ತಂಡ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತು ತಲುಪಿತ್ತು. ವೇಗವರ್ಧಕ ಕ್ರಿಯೆಯ ದಾರಿಯನ್ನು ಸಲೀಸು ಮಾಡುತ್ತದೆ. ಏರಬೇಕಾದ ಎತ್ತರವನ್ನು ತಗ್ಗಿಸುವುದು ಅದರ ಕೈಲಿಲ್ಲ. ಐಸ್‌ಲೆಂಡಿನಲ್ಲಿ 2012ರಿಂದ ಜಾರ್ಜ್ ಓಲಾ ಹೆಸರಿನ ಸ್ಥಾವರ ವರ್ಷಕ್ಕೆ 4,000 ಟನ್ ಮೆಥನಾಲ್ ಮಾಡುವ ಸಾಮರ್ಥ್ಯದೊಂದಿಗೆ ನಡೆದದ್ದು ಅಲ್ಲಿನ ಭೂಶಾಖದ ಅಗ್ಗದ ವಿದ್ಯುತ್ತಿನ ಬಲದ ಮೇಲೆ ಎಂಬುದನ್ನು ಮರೆಯಬಾರದು.

ಸಣ್ಣಪುಟ್ಟ ಬಳಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ತಲೆನೋವಿಗೆ ನುಂಗುವ ಆಸ್ಪಿರಿನ್ನಿನ ಮೂಲ ಸ್ಯಾಲಿಸಿಲಿಕ್ ಆಮ್ಲ. ಫೀನಾಲಿನ ಸೋಡಿಯಂ ಲವಣಕ್ಕೆ ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ಕೂಡಿಸಿ ಅದನ್ನು ಮಾಡುವ ವಿಧಾನ ಹತ್ತೊಂಬತ್ತನೇ ಶತಮಾನದ್ದು. ತಮಿಳುನಾಡಿನ ತೂತ್ತುಕುಡಿಯಲ್ಲಿ 2016ರಲ್ಲಿ ಒಂದು ರಾಸಾಯನಿಕ ಕಾರ್ಖಾನೆ ತನ್ನ ಕಲ್ಲಿದ್ದಲು ಬಾಯ್ಲರಿನ ಹೊಗೆಯಿಂದ ವರ್ಷಕ್ಕೆ 60,000 ಟನ್ ಹಿಡಿದು ಸೋಡಾ ಬೂದಿ ಮಾಡುವ ಏರ್ಪಾಡು ಮಾಡಿತು. ಹಿಡಿಯುವ ತಂತ್ರ ಖರಗ್‌ಪುರ ಐಐಟಿಯಲ್ಲಿ ಓದಿದ ಇಬ್ಬರು ತರುಣರ ಕಂಪನಿಯದು. ಜಗತ್ತಿನ ಎಲ್ಲ ಬಳಕೆ ಕೂಡಿಸಿದರೂ ವರ್ಷಕ್ಕೆ 23 ಕೋಟಿ ಟನ್ನಿನ ಆಸುಪಾಸು. ಅದರ ಬಹುಪಾಲು ಯೂರಿಯಾ ಮತ್ತು ಹಳೆಯ ತೈಲಬಾವಿಗಳಿಂದ ಉಳಿದ ತೈಲ ಹೊರತಳ್ಳುವ ಕೆಲಸಕ್ಕೆ ಹೋಗುತ್ತದೆ. ನಾವು ಕಲ್ಲಿದ್ದಲು, ತೈಲ, ಅನಿಲ ಸುಟ್ಟು ಹೊರಬಿಡುವುದು ವರ್ಷಕ್ಕೆ 3,700 ಕೋಟಿ ಟನ್ನಿನ ಹತ್ತಿರ. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡವರಿಗೆ, ಬಳಕೆಯಿಂದಲೇ ಸಮಸ್ಯೆ ನೀಗುತ್ತದೆ ಎಂಬ ನಂಬಿಕೆ ಉಳಿಯಲಾರದು.

ಹಿಡಿಯುವ ಕೆಲಸದ ಕಷ್ಟವನ್ನೂ ಸ್ವಲ್ಪ ಹೇಳಬೇಕು. ಕಲ್ಲಿದ್ದಲು ಸ್ಥಾವರದ ಹೊಗೆಯಲ್ಲಿ ಈ ಅನಿಲ ಶೇ. 12ರಿಂದ 14 ಮಾತ್ರ. ಉಳಿದದ್ದು ಬಹುತೇಕ ಸಾರಜನಕ. ಹೊಗೆಯನ್ನು ತಣಿಸಿ, ಗೋಪುರದೊಳಗೆ ಮೇಲಿನಿಂದ ಇಳಿಯುವ ಅಮೀನ್ ದ್ರಾವಣಕ್ಕೆ ಎದುರಾಗಿ ಹಾಯಿಸುತ್ತಾರೆ. ಅಮೀನ್ ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುತ್ತದೆ. ಆ ದ್ರಾವಣವನ್ನು ಇನ್ನೊಂದು ಗೋಪುರದಲ್ಲಿ 120 ಡಿಗ್ರಿಯ ಸುತ್ತ ಕಾಯಿಸಿದರೆ ಬಿಟ್ಟುಕೊಡುತ್ತದೆ. 1930ರಲ್ಲಿ ಅಮೆರಿಕದ ರಾಬರ್ಟ್ ಬಾಟಮ್ಸ್ ಪೇಟೆಂಟ್ ಪಡೆದ ಈ ವಿಧಾನದ ಹೂರಣ ಇಂದಿಗೂ ಅದೇ. ಖರ್ಚೆಲ್ಲ ಆ ಬಿಡಿಸುವ ಹಂತದ ಉಗಿಯಲ್ಲಿದೆ. ಟರ್ಬೈನಿಗೆ ಹೋಗಬೇಕಾದ ಉಗಿಯನ್ನು ಇತ್ತ ತಿರುಗಿಸಿದಷ್ಟೂ ವಿದ್ಯುತ್ತು ಕಡಿಮೆಯಾಗುತ್ತದೆ. ಮಧ್ಯಪ್ರದೇಶದ ವಿಂಧ್ಯಾಚಲ ಸ್ಥಾವರದಲ್ಲಿ ಎನ್‌ಟಿಪಿಸಿ 2022ರಲ್ಲಿ ಶುರುಮಾಡಿದ ಘಟಕ ದಿನಕ್ಕೆ 20 ಟನ್ ಹಿಡಿಯಬಲ್ಲದು. ಕಲಿಯಲು ಅದು ಅಗತ್ಯ ಹೆಜ್ಜೆ. ಅಲ್ಲಿನ 500 ಮೆಗಾವ್ಯಾಟಿನ ಒಂದೇ ಘಟಕ ಪೂರ್ಣ ಹೊರೆಯಲ್ಲಿ ನಡೆದರೆ ದಿನಕ್ಕೆ 10,000 ಟನ್ನಿಗೂ ಹೆಚ್ಚು ಬಿಡುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮ ಹಣ, ನಮ್ಮ ಎಂಜಿನಿಯರುಗಳ ಶ್ರಮ ಕಲ್ಲಿದ್ದಲು ಸ್ಥಾವರಗಳ ಚಿಮಣಿಗೆ ಹೋಗಬಾರದು. ಅಲ್ಲಿ ಬದಲಿ ಇದೆ: ಬಿಸಿಲು, ಗಾಳಿ, ನೀರು. ಬದಲಿ ಇಲ್ಲದ ಕಡೆ ಹೋಗಬೇಕು. ಸಿಮೆಂಟ್ ಅಂಥದ್ದು. ಗೂಡನ್ನು ಪೂರ್ತಿ ಸೌರಶಕ್ತಿಯಿಂದ ಕಾಯಿಸಿದರೂ ಸುಣ್ಣಕಲ್ಲು ತನ್ನ 440 ಕಿಲೋ ಬಿಟ್ಟೇ ಬಿಡುತ್ತದೆ; ಸಿಮೆಂಟಿನ ಒಟ್ಟು ಹೊಗೆಯಲ್ಲಿ ಸುಮಾರು ಶೇ. 60 ಕಲ್ಲಿನಿಂದಲೇ ಬರುವುದು. ಗೂಡಿನಲ್ಲಿ ಸುಟ್ಟು ಪಡೆಯುವ ಕ್ಲಿಂಕರಿನ ಪಾಲು ಇಳಿಸಿ, ಸುಟ್ಟ ಜೇಡಿ ಮತ್ತು ಸುಣ್ಣಕಲ್ಲಿನ ಪುಡಿ ಬೆರೆಸುವ ಸಿಮೆಂಟಿನ ಮೇಲೆ ದಿಲ್ಲಿ ಮತ್ತು ಮದ್ರಾಸ್ ಐಐಟಿಗಳು ಒಳ್ಳೆಯ ಕೆಲಸ ಮಾಡಿವೆ. ಅದರಿಂದ ಮೂರನೇ ಒಂದು ಭಾಗದಷ್ಟು ಇಳಿಸಬಹುದು. ಉಳಿದದ್ದನ್ನು ಹಿಡಿಯದೆ ವಿಧಿಯಿಲ್ಲ. ನಾರ್ವೆಯ ಬ್ರೆವಿಕ್ ಸಿಮೆಂಟ್ ಕಾರ್ಖಾನೆಯಲ್ಲಿ 2025ರಲ್ಲಿ ವರ್ಷಕ್ಕೆ ನಾಲ್ಕು ಲಕ್ಷ ಟನ್ ಹಿಡಿಯುವ ಘಟಕ ಉದ್ಘಾಟನೆಯಾಯಿತು. ಹಿಡಿದದ್ದನ್ನು ದ್ರವ ಮಾಡಿ, ಹಡಗಿಗೆ ತುಂಬಿ, ಪಶ್ಚಿಮ ಕರಾವಳಿಯ ಓಯ್‌ಗಾರ್ಡನ್‌ಗೆ ಒಯ್ದು, ಅಲ್ಲಿಂದ ಕೊಳವೆಯಲ್ಲಿ ಕಡಲ ತಳದಿಂದ 2,600 ಮೀಟರ್ ಕೆಳಗಿನ ಶಿಲೆಗೆ ತುಂಬುತ್ತಾರೆ. ಇದು ಆ ಕಾರ್ಖಾನೆಯ ಹೊಗೆಯ ಅರ್ಧ ಮಾತ್ರ, ಮತ್ತು ವೆಚ್ಚದ ಬಹುಪಾಲು ಹೊತ್ತದ್ದು ನಾರ್ವೆ ಸರ್ಕಾರ.

ಭೂಮಿಯೊಳಗೆ ತುಂಬುವ ಕೆಲಸದ ಹಿರಿಯಣ್ಣ ಕೂಡ ನಾರ್ವೆಯೇ. ಉತ್ತರ ಸಮುದ್ರದ ಸ್ಲೈಪ್ನರ್ ಕ್ಷೇತ್ರದ ನೈಸರ್ಗಿಕ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ಶೇ. 9ರಷ್ಟಿತ್ತು, ಮಾರಾಟಕ್ಕೆ ಅದನ್ನು ಶೇ. 2.5ಕ್ಕೆ ಇಳಿಸಬೇಕಿತ್ತು. ಬೇರ್ಪಡಿಸಿದ್ದನ್ನು ಗಾಳಿಗೆ ಬಿಟ್ಟರೆ 1991ರಲ್ಲಿ ಜಾರಿಗೆ ಬಂದ ಇಂಗಾಲ ತೆರಿಗೆ ಕಟ್ಟಬೇಕು. ತೆರಿಗೆ ಕಟ್ಟುವುದಕ್ಕಿಂತ ಕೆಳಗೆ ತುಂಬುವುದೇ ಮೇಲೆಂದು ಕಂಪನಿ 1996ರಿಂದ ಕಡಲ ತಳದಡಿ 800 ಮೀಟರಿಗೂ ಆಳದಲ್ಲಿರುವ ಮರಳುಗಲ್ಲಿನ ಪದರಕ್ಕೆ ತುಂಬತೊಡಗಿತು. ವರ್ಷಗಟ್ಟಲೆ ವರ್ಷಕ್ಕೆ ಹತ್ತು ಲಕ್ಷ ಟನ್ನಿನ ಆಸುಪಾಸು. ತಂತ್ರಜ್ಞಾನವೆಲ್ಲ ಮೊದಲೇ ಇತ್ತು. ಅದನ್ನು ಕೆಲಸಕ್ಕೆ ಹಚ್ಚಿದ್ದು ಸರ್ಕಾರದ ಒಂದು ತೆರಿಗೆ.

ಆ 800 ಮೀಟರಿಗೆ ಕಾರಣವಿದೆ. 31 ಡಿಗ್ರಿ ಶಾಖ, 74 ಬಾರ್ ಒತ್ತಡ ದಾಟಿದ ಮೇಲೆ ಇಂಗಾಲದ ಡೈಆಕ್ಸೈಡ್ ದ್ರವದಷ್ಟು ಸಾಂದ್ರವಾಗಿ, ಅನಿಲದಷ್ಟು ಸಲೀಸಾಗಿ ಹರಿಯುತ್ತದೆ. ಅಷ್ಟು ಆಳದಲ್ಲಿ ಅದು ಕಡಿಮೆ ಜಾಗ ಹಿಡಿಯುತ್ತದೆ. ಆದರೂ ಸುತ್ತಲಿನ ಉಪ್ಪುನೀರಿಗಿಂತ ಹಗುರ. ಮೇಲೇರಲು ನೋಡುತ್ತಲೇ ಇರುತ್ತದೆ. ಮೇಲೆ ಜೇಡಿಗಲ್ಲಿನ ದಪ್ಪ ಮುಚ್ಚಳ ಬೇಕು. ಸ್ಲೈಪ್ನರ್‌ನಲ್ಲಿ ಭೂಕಂಪನ ಅಲೆಗಳಿಂದ ತೆಗೆದ ಚಿತ್ರಗಳು, ಅನಿಲ ಒಂಬತ್ತು ತೆಳು ಪದರಗಳಲ್ಲಿ ಹರಡಿಕೊಂಡು ಮುಚ್ಚಳದ ಕೆಳಗೆ ನಿಂತಿರುವುದನ್ನು ತೋರಿಸಿವೆ.

ಅಪಾಯದ ಮಾತನ್ನು ಬದಿಗೆ ಸರಿಸಿ ಈ ವಿಷಯ ಮಾತಾಡುವುದು ಸರಿಯಲ್ಲ. ಈ ಅನಿಲ ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. 1986ರ ಆಗಸ್ಟ್ 21ರ ರಾತ್ರಿ ಕ್ಯಾಮರೂನಿನ ನ್ಯೋಸ್ ಸರೋವರದ ತಳದಲ್ಲಿ ಜ್ವಾಲಾಮುಖಿಯಿಂದ ಸೇರಿಕೊಂಡಿದ್ದ ಇಂಗಾಲದ ಡೈಆಕ್ಸೈಡ್ ಒಮ್ಮೆಲೇ ಎದ್ದು ಕಣಿವೆಗಿಳಿದು ಸುಮಾರು 1,700 ಜನ ಸತ್ತರು. ಅದು ಪ್ರಕೃತಿಯ ದುರಂತ. 2020ರ ಫೆಬ್ರವರಿ 22ರಂದು ಅಮೆರಿಕದ ಮಿಸಿಸಿಪ್ಪಿಯ ಸಟಾರ್ಶಿಯಾ ಎಂಬ ಹಳ್ಳಿಯ ಬಳಿ ನಡೆದದ್ದು ಮನುಷ್ಯರು ಕಟ್ಟಿದ್ದರಿಂದ. ವಿಪರೀತ ಮಳೆಗೆ ಗುಡ್ಡ ಜರಿದು ಇಂಗಾಲದ ಡೈಆಕ್ಸೈಡ್ ಸಾಗಿಸುವ ಕೊಳವೆ ಒಡೆಯಿತು. ಸುಮಾರು 200 ಜನ ಊರು ಬಿಡಬೇಕಾಯಿತು, 45 ಜನ ಆಸ್ಪತ್ರೆ ಸೇರಿದರು. ಉಸಿರಾಡಲು ಆಮ್ಲಜನಕ ಸಾಲದೆ ಕಾರುಗಳ ಎಂಜಿನ್ ಕೂಡ ನಿಂತುಹೋದವು. ಓಡಿಹೋಗಲು ಹೊರಟವರು ದಾರಿಯಲ್ಲೇ ಸಿಕ್ಕಿಕೊಂಡರು. ಊರಿನ ಪಕ್ಕ ಇಂಥ ಕೊಳವೆ ಹಾಕುವ ಮುನ್ನ ಆ ಊರಿನವರಿಗೆ ಇದನ್ನೆಲ್ಲ ಹೇಳುವುದು ಎಂಜಿನಿಯರನ ಕರ್ತವ್ಯ.

ಅನಿಲವಾಗಿ ಇಡುವುದರ ಭಯ ಇಲ್ಲದ ದಾರಿ ಒಂದಿದೆ. ಐಸ್‌ಲೆಂಡಿನ ರೇಕ್ಯವಿಕ್ ಬಳಿಯ ಹೆಲ್ಲಿಸ್‌ಹೇಯ್ದಿ ಎಂಬ ಭೂಶಾಖ ಸ್ಥಾವರದಲ್ಲಿ ಸಿಗುರ್ದುರ್ ಗಿಸ್ಲಾಸನ್, ಯುರ್ಗ್ ಮ್ಯಾಟರ್ ಮತ್ತು ಅವರ ಸಂಗಡಿಗರು 2012ರಲ್ಲಿ ಇನ್ನೂರು ಟನ್ ಚಿಲ್ಲರೆ ಇಂಗಾಲದ ಡೈಆಕ್ಸೈಡನ್ನು ನೀರಿನಲ್ಲಿ ಕರಗಿಸಿ ಬಸಾಲ್ಟ್ ಶಿಲೆಗೆ ಇಳಿಸಿದರು. ಬಸಾಲ್ಟ್ ಎಂದರೆ ಲಾವಾ ಆರಿದ ಕರಿಕಲ್ಲು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣ ಹೇರಳ. ಅನಿಲ ಕರಗಿದ ಹುಳಿ ನೀರು ಕಲ್ಲಿನಿಂದ ಈ ಲೋಹಗಳನ್ನು ಕರಗಿಸಿಕೊಳ್ಳುತ್ತದೆ. ಕರಗಿಸಿಕೊಂಡಂತೆ ಹುಳಿ ಇಳಿಯುತ್ತದೆ. ಇಳಿದಾಗ ಕ್ಯಾಲ್ಸೈಟಿನಂಥ ಕಾರ್ಬೊನೇಟ್‌ಗಳು ಬಿರುಕುಗಳಲ್ಲಿ ಹರಳುಗಟ್ಟುತ್ತವೆ. ಅನಿಲ ಕರಗಿದ ನೀರು ಸಾದಾ ನೀರಿಗಿಂತ ಭಾರವಾದ್ದರಿಂದ ಮೇಲೇರುವುದೂ ಇಲ್ಲ.

ಇದಕ್ಕೆ ಸಾವಿರಾರು ವರ್ಷ ಬೇಕಾದೀತು ಎಂದು ಬಹಳ ಜನ ತಿಳಿದಿದ್ದರು. ತಂಡದವರು ಕೆಳಗಿಳಿಸಿದ ಇಂಗಾಲಕ್ಕೆ ವಿಕಿರಣಶೀಲ ಇಂಗಾಲ-14ರ ಗುರುತು ಹಾಕಿ, ಕೆಳಹರಿವಿನ ನಿಗಾ ಬಾವಿಯಿಂದ ನೀರೆತ್ತಿ ಪರೀಕ್ಷಿಸುತ್ತಿದ್ದರು. ಗುರುತಿನ ಇಂಗಾಲ ನಿರೀಕ್ಷೆಗಿಂತ ತೀರಾ ಕಡಿಮೆ ಬರುತ್ತಿತ್ತು. 2013ರಲ್ಲಿ ಆ ಬಾವಿಯ ಸಬ್‌ಮರ್ಸಿಬಲ್ ಪಂಪು ಕೆಟ್ಟು ನಿಂತಿತು. ಮೇಲೆತ್ತಿದರೆ ಪಂಪಿಗೂ ಕೊಳವೆಗೂ ಕ್ಯಾಲ್ಸೈಟ್ ಹರಳು ಗಟ್ಟಿಯಾಗಿ ಮೆತ್ತಿಕೊಂಡಿತ್ತು. ಆ ಹರಳಿನಲ್ಲಿ ಇದ್ದದ್ದು ತಾವೇ ಗುರುತು ಹಾಕಿ ಕಳಿಸಿದ ಇಂಗಾಲ. 2016ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಇಳಿಸಿದ್ದರಲ್ಲಿ ಶೇ. 95ಕ್ಕೂ ಹೆಚ್ಚು ಎರಡು ವರ್ಷದೊಳಗೆ ಕಲ್ಲಾಗಿತ್ತು. ಎಷ್ಟು ಕಾಲ ಉಳಿಯುತ್ತದೆ ಎಂಬ ನನ್ನ ಪ್ರಶ್ನೆಗೆ ಈವರೆಗೆ ಬಂದ ಉತ್ತರಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದನ್ನು ನಾನು ಕಂಡಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಇಂದು ಐದು ಲಕ್ಷ ಚದರ ಕಿಲೋಮೀಟರಿನಷ್ಟು ದಖ್ಖನ್ ಬಸಾಲ್ಟ್ ಆಗಿ ಹರಡಿದೆ. ಬಹುಭಾಗ ಮಹಾರಾಷ್ಟ್ರ, ದಕ್ಷಿಣದ ಅಂಚು ಬೆಳಗಾವಿ, ವಿಜಯಪುರ, ಬೀದರ್, ಬಾಗಲಕೋಟೆಯ ಉತ್ತರ, ನಮ್ಮ ಆಳಂದದ ಕಡೆ. ವಿಜಯಪುರದ ಗೋಳಗುಮ್ಮಟ ಎದ್ದಿರುವುದು ಇದೇ ಕಲ್ಲಿನಲ್ಲಿ. ಬಾವಿ ತೋಡುವವರು, ಕ್ರಷರಿನಲ್ಲಿ ಜಲ್ಲಿ ಒಡೆಯುವವರು ಈ ಕರಿಕಲ್ಲಿನೊಳಗೆ ಕಡಲೆಕಾಳಿನಿಂದ ಮುಷ್ಟಿಗಾತ್ರದವರೆಗಿನ ಬಿಳಿ ಹರಳಿನ ಗಂಟುಗಳನ್ನು ನೋಡಿರುತ್ತಾರೆ. ಲಾವಾದ ಗುಳ್ಳೆಗಳು ಬಿಟ್ಟುಹೋದ ಪೊಳ್ಳಿನಲ್ಲಿ ಆಮೇಲೆ ನೀರು ತಂದು ತುಂಬಿದ ಖನಿಜಗಳವು. ಕೆಲವು ಜಿಯೊಲೈಟ್, ಕೆಲವು ಕ್ಯಾಲ್ಸೈಟ್. ವಿದ್ಯಾರ್ಥಿಗಳು ಅಂಥದ್ದೊಂದು ಸಿಕ್ಕರೆ ಕಾಲೇಜಿನ ಪ್ರಯೋಗಾಲಯಕ್ಕೆ ತಂದು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ಬುರುಗೆದ್ದರೆ ಅದು ಕ್ಯಾಲ್ಸೈಟ್. ಬುರುಗಿನಲ್ಲಿರುವುದು ಕಲ್ಲು ಕಟ್ಟಿಟ್ಟುಕೊಂಡಿದ್ದ ಇಂಗಾಲದ ಡೈಆಕ್ಸೈಡ್. ಇದೇ ಕಲ್ಲು ಸವೆದು ಆದ ಎರೆಮಣ್ಣಿನಲ್ಲಿ ನೇಗಿಲಿಗೆ ಸಿಗುವ ಸುಣ್ಣದ ಹರಳುಗಳೂ ಹಾಗೆಯೇ ಆದವು. ಐಸ್‌ಲೆಂಡಿನವರು ಪಂಪಿನ ಮೇಲೆ ಕಂಡದ್ದನ್ನು ನಮ್ಮ ನೆಲ ಯಾರ ಸಹಾಯವೂ ಇಲ್ಲದೆ ಮಾಡುತ್ತ ಬಂದಿದೆ.

ಹಾಗಾದರೆ ಸೇಡಂನ ಗೂಡಿನ ಹೊಗೆಯನ್ನು ಪಕ್ಕದ ಕರಿಕಲ್ಲಿಗೆ ಇಳಿಸಿಬಿಡಬಹುದೇ? ಇಷ್ಟು ಸುಲಭವಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಇಲ್ಲಿನ ಹಿರಿಯರಿಗೆಲ್ಲ ನೆನಪಿದೆ. ಅದಾದ ಮೇಲೆ ವಿಜ್ಞಾನಿಗಳು ಕಿಲ್ಲಾರಿಯಲ್ಲಿ ಕೊರೆದ ಬಾವಿಯಲ್ಲಿ ಬಸಾಲ್ಟ್ ಸಿಕ್ಕಿದ್ದು 338 ಮೀಟರ್ ಮಾತ್ರ. ಅದರ ಕೆಳಗೆ ತೆಳುವಾದ ಕೆಸರುಗಲ್ಲಿನ ಪದರ, ಆಮೇಲೆ ಹಳೆಯ ಗ್ರಾನೈಟು. ಪಶ್ಚಿಮಕ್ಕೆ ಸಹ್ಯಾದ್ರಿಯ ಕಡೆ ಹೋದಂತೆ ದಪ್ಪ ಸಾವಿರ ಮೀಟರ್ ದಾಟುತ್ತದೆ. ಇತ್ತ ಅಂಚಿಗೆ ಬಂದಂತೆ ಸವೆಯುತ್ತದೆ. ತೆಳ್ಳಗಿನ ಕಲ್ಲಿಗೆ, ಅದೂ ಹಳ್ಳಿಗಳ ಬಾವಿ ಬೋರ್‌ವೆಲ್‌ಗಳಿಗೆ ನೀರು ಕೊಡುತ್ತಿರುವ ಕಲ್ಲಿಗೆ, ಹುಳಿ ನೀರು ತುಂಬುವ ಮಾತನ್ನು ಯಾರೂ ಆಡಕೂಡದು. ಕಿಲ್ಲಾರಿಯಂಥ, ಕೊಯ್ನಾದಂಥ ಭೂಕಂಪ ಕಂಡ ಕಡೆ ಒತ್ತಡ ಹಾಕಿ ದ್ರವ ತುಂಬುವುದಕ್ಕೂ ಕೈಹಾಕಬಾರದು.

ನೀರಿನ ಲೆಕ್ಕ ಇನ್ನೂ ಕಠಿಣ. ಐಸ್‌ಲೆಂಡಿನ ವಿಧಾನದಲ್ಲಿ ಒಂದು ಟನ್ ಅನಿಲ ಕರಗಿಸಲು ಸುಮಾರು 25 ಟನ್ ನೀರು ಬೇಕು. ಇಂಡಿ, ಸಿಂದಗಿಯ ಕಡೆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಜನರ ಮುಂದೆ ಈ ಅಂಕಿಯನ್ನು ಇಡಲು ನನಗೆ ಬಾಯಿ ಬರುವುದಿಲ್ಲ. ಎರಡು ದಾರಿ ಕಾಣುತ್ತವೆ. ಒಂದು, ಆಳದ ಸವಳು ನೀರನ್ನೇ ಎತ್ತಿ ಅದರಲ್ಲಿ ಕರಗಿಸಿ ಅಲ್ಲಿಗೇ ಹಿಂದಿರುಗಿಸುವುದು. ಇನ್ನೊಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ವಲ್ಲೂಲಾದಲ್ಲಿ 2013ರಲ್ಲಿ ಮಾಡಿದಂತೆ ನೀರಿಲ್ಲದೆ ಅನಿಲವನ್ನೇ ಸಾಂದ್ರ ರೂಪದಲ್ಲಿ ಇಳಿಸುವುದು. ಅಲ್ಲಿ ಸಾವಿರ ಟನ್ನಿನಷ್ಟು ಇಳಿಸಿ, ಎರಡು ವರ್ಷದ ಮೇಲೆ ಕಲ್ಲಿನ ತುಣುಕು ತೆಗೆದಾಗ ಕಾರ್ಬೊನೇಟ್ ಗಂಟುಗಳು ಸಿಕ್ಕವು. ಇದಕ್ಕೆ ಆಳ ಬೇಕು, ಮುಚ್ಚಳವೂ ಬೇಕು. ನಮ್ಮ ಅಂಚಿನಲ್ಲಿ ಅದು ಸಿಗುವ ಕಡೆ ಯಾವುದೆಂದು ಕೊರೆದೇ ತಿಳಿಯಬೇಕು.

ಎಲ್ಲಿಂದ ಹಿಡಿದ ಅನಿಲ ಮೊದಲು ಇಳಿಯಬೇಕು ಎಂಬುದಕ್ಕೆ ನನ್ನಲ್ಲಿ ಸ್ಪಷ್ಟ ಉತ್ತರವಿದೆ: ಕಬ್ಬಿನ ಡಿಸ್ಟಿಲರಿಗಳಿಂದ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಸಕ್ಕರೆ ಕಾರ್ಖಾನೆಗಳ ಜೊತೆಗೆ ಎಥೆನಾಲ್ ಘಟಕಗಳು ಬೆಳೆದು ನಿಂತಿವೆ. ಕಾಕಂಬಿ ಹುದುಗುವಾಗ ಸಾವಿರ ಲೀಟರ್ ಎಥೆನಾಲ್‌ಗೆ ಸುಮಾರು 750 ಕಿಲೋ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ದಿನಕ್ಕೆ ಒಂದು ಲಕ್ಷ ಲೀಟರಿನ ಡಿಸ್ಟಿಲರಿಯಿಂದ 75 ಟನ್. ವಿಂಧ್ಯಾಚಲದ ಘಟಕ ಹಿಡಿಯುವುದರ ಮೂರು ಪಟ್ಟಿಗೂ ಹೆಚ್ಚು. ಈ ಅನಿಲ ಹೆಚ್ಚುಕಡಿಮೆ ಶುದ್ಧ. ಅಮೀನ್ ಗೋಪುರ ಬೇಡ, 120 ಡಿಗ್ರಿಯ ಉಗಿ ಬೇಡ. ನೀರಿನಲ್ಲಿ ತೊಳೆದು, ಒಣಗಿಸಿ, ಹಿಂಡಿದರೆ ಸಾಕು. ಶಕ್ತಿಯ ಪ್ರಶ್ನೆಗೆ ಅಲ್ಲಿ ಬಗ್ಗಾಸಿನ ವಿದ್ಯುತ್ತು ಉತ್ತರ ಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಕಬ್ಬು ಕಳೆದ ಹಂಗಾಮಿನಲ್ಲಿ ಗಾಳಿಯಿಂದ ಹೀರಿದ ಇಂಗಾಲ. ಸಿಮೆಂಟಿನ ಹೊಗೆಯನ್ನು ಹೂಳಿದರೆ ಹೊಸ ಹೊರೆ ತಪ್ಪುತ್ತದೆ. ಇದನ್ನು ಹೂಳಿದರೆ ಗಾಳಿಯಲ್ಲಿ ಈಗಾಗಲೇ ಇರುವುದೇ ಕಡಿಮೆಯಾಗುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಡಿಕೇಟರಿನಲ್ಲಿ ಮೆಕ್ಕೆಜೋಳದ ಎಥೆನಾಲ್ ಘಟಕದ ಅನಿಲವನ್ನು 2011ರಿಂದ ಮೂರು ವರ್ಷ ಹೀಗೇ ಇಳಿಸಿ ಹತ್ತು ಲಕ್ಷ ಟನ್ ಮುಟ್ಟಿಸಿದರು. ಅಲ್ಲಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಬಂದಿದೆ: 2024ರಲ್ಲಿ ಅಲ್ಲಿನ ನಿಗಾ ಬಾವಿಯೊಂದರ ಕೊಳವೆ ತುಕ್ಕು ತಿಂದು, ದ್ರವ ತನಗೆ ನಿಗದಿಯಾದ ಪದರದಿಂದ ಆಚೆ ಹರಿದದ್ದು ಬೆಳಕಿಗೆ ಬಂತು. ಹಸಿ ಇಂಗಾಲದ ಡೈಆಕ್ಸೈಡ್ ಉಕ್ಕಿಗೆ ಏನು ಮಾಡುತ್ತದೆಂದು ಗೊಬ್ಬರ ಕಾರ್ಖಾನೆಯಲ್ಲಿ ಪಾಳಿ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಬಾವಿಯ ಉಕ್ಕನ್ನು ಆರಿಸುವ ಸಮಿತಿಯಲ್ಲಿ ಅಂಥವರು ಇರಬೇಕು.

ನನ್ನನ್ನು ಕೇಳಿದರೆ ಮೊದಲ ಪರೀಕ್ಷಾ ಬಾವಿ ಕೊರೆಯಬೇಕಾದದ್ದು ಇಲ್ಲಲ್ಲ, ಕಲ್ಲು ದಪ್ಪವಾಗುತ್ತ ಹೋಗುವ ಬೆಳಗಾವಿ ಜಿಲ್ಲೆಯ ಪಶ್ಚಿಮದಲ್ಲಿ. ಆ ಬಾವಿಗೆ ಒಂದು ಕಿಲೋ ಅನಿಲವನ್ನೂ ಇಳಿಸುವುದು ಬೇಡ. ಕಲ್ಲಿನ ತುಣುಕು ತೆಗೆದು ಯಾವ ಆಳದಲ್ಲಿ ಲಾವಾದ ಗುಳ್ಳೆಗಲ್ಲು, ಯಾವ ಆಳದಲ್ಲಿ ಗಟ್ಟಿಗಲ್ಲು ಎಂದು ನೋಡಬೇಕು. ಆಳದ ನೀರು ಸವಳೋ ಸಿಹಿಯೋ ಅಳೆಯಬೇಕು. ಮೇಲಿನ ಕುಡಿಯುವ ನೀರಿಗೂ ಆಳದ ನೀರಿಗೂ ಸಂಪರ್ಕವಿದೆಯೋ ಎಂದು ವರ್ಷವಿಡೀ ಪರೀಕ್ಷಿಸಬೇಕು. ಸಂಪರ್ಕವಿದ್ದರೆ ಆ ಜಾಗ ಬಿಡಬೇಕು. ಸಿಮೆಂಟ್ ಗೂಡುಗಳಿಂದ ಅಲ್ಲಿಗೆ ಕೊಳವೆ ಹಾಕುವ ಮಾತು, ಅದರ ಖರ್ಚನ್ನು ಯಾರು ಹೊರಬೇಕೆಂಬ ಮಾತು, ಇದಾದ ಮೇಲಿನದು.

ಅಷ್ಟರೊಳಗೆ ಈ ಸಭೆಯಲ್ಲಿರುವ ವಿದ್ಯಾರ್ಥಿಗಳು ದೊಡ್ಡ ಹಣವಿಲ್ಲದೆ ಮಾಡಬಹುದಾದ ಕೆಲಸವೊಂದಿದೆ. ಆಳಂದದಿಂದ ಅಥಣಿಯವರೆಗೆ ಕರಿಕಲ್ಲಿನಲ್ಲಿ ತೋಡಿದ ಬಾವಿಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಮತ್ತು ಹುಳಿಯ ಮಟ್ಟವನ್ನು ಮಳೆಗಾಲದ ಮುನ್ನ ಒಮ್ಮೆ, ಮಳೆಗಾಲ ಕಳೆದು ಒಮ್ಮೆ ಅಳೆದು ನಕ್ಷೆ ಮಾಡಿ. ಬಾವಿಯ ಆಳ, ಕಲ್ಲು ಎಷ್ಟು ಅಡಿಗೆ ಸಿಕ್ಕಿತು, ಬಿಳಿ ಹರಳು ಎಷ್ಟು ಅಡಿಗೆ ಕಂಡಿತು ಎಂದು ತೋಡಿದವರನ್ನೇ ಕೇಳಿ ಬರೆದುಕೊಳ್ಳಿ. ನಮ್ಮ ಕರಿಕಲ್ಲು ಯಾವ ವೇಗದಲ್ಲಿ ಇಂಗಾಲವನ್ನು ಕಟ್ಟುತ್ತಿದೆ ಎಂಬ ಲೆಕ್ಕಕ್ಕೆ ಬೇಕಾದ ಮೊದಲ ಅಂಕಿಗಳು ಅವು. ಆ ನಕ್ಷೆ ತಯಾರಾದರೆ ಪರೀಕ್ಷಾ ಬಾವಿಯನ್ನು ಯಾವ ತಾಲ್ಲೂಕಿನಲ್ಲಿ ಕೊರೆಯಬೇಕು, ಯಾವ ತಾಲ್ಲೂಕಿನ ತಂಟೆಗೇ ಹೋಗಬಾರದು ಎಂದು ಹೇಳಲು ಬರುತ್ತದೆ.